ತಟ್ಟೆ ಬೇರೆ ಇಟ್ಟರೆ ಟಿಬಿ ದೂರವಾಗುತ್ತದೆಯೇ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಬಿಎಸ್ಸಿ ನರ್ಸಿಂಗ್ ಮುಗಿಸಿ, ನಮ್ಮೂರಿನ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಮೂರು ವರ್ಷದಿಂದ ಸ್ಟಾಫ್ ನರ್ಸ್. ನಮ್ಮ ಮನೆಯಲ್ಲೇ ಇರುತ್ತಾಳೆ. ಎರಡು ತಿಂಗಳಿಗೂ ಮೇಲೆ ಅವಳಿಗೆ ಕೆಮ್ಮಿತ್ತು. ಅಲ್ಲಿನ ವೈದ್ಯರೇ ಅಲರ್ಜಿ ಇರಬೇಕೆಂದು ಸಿರಪ್ ಕೊಟ್ಟರು, ಆಮೇಲೆ ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟರು. ತೂಕ ಇಳಿಯುತ್ತಲೇ ಹೋದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದೆವು. ಶ್ವಾಸಕೋಶದ ಟಿಬಿ ಎಂದು ಬಂತು. ಮಾತ್ರೆ ಶುರುವಾಗಿ ಮೂರು ವಾರವಾಗಿದೆ, ಕೆಮ್ಮು ಕಡಿಮೆಯಾಗಿದೆ. ಅಮ್ಮ (68 ವರ್ಷ, ಸಕ್ಕರೆ ಕಾಯಿಲೆಯಿದೆ) ಅವಳ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ ಮಾಡಿದ್ದಾರೆ. ನನ್ನ ಮೂರು ವರ್ಷದ ಮಗನನ್ನು ಅವಳ ಕೋಣೆಯ ಕಡೆ ಸುಳಿಯಲೂ ಬಿಡುವುದಿಲ್ಲ. ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರ್ 'ಆರು ತಿಂಗಳು ಈ ಕಡೆ ಬರಬೇಡ, ಯಾರಿಗೂ ಹೇಳಲೂಬೇಡ' ಎಂದಿದ್ದಾರೆ. ಮಾತ್ರೆ ಕೊಡುವಲ್ಲಿ ಕಿಟಕಿಯಿಂದಲೇ ಪೊಟ್ಟಣ ಎಸೆದ ಹಾಗೆ ಕೊಡುತ್ತಾರಂತೆ. ಸರ್ಕಾರದ ಪಟ್ಟಿಯಲ್ಲಿ ಹೆಸರಿರುವುದು ಬೇಡ, ಖಾಸಗಿಯಲ್ಲಿ ಔಷಧಿ ತಗೊಳ್ಳುತ್ತೇನೆ ಎನ್ನುತ್ತಿದ್ದಾಳೆ. ಇದರ ನಡುವೆ ಅವಳಿಗೆ ಗಂಡು ನೋಡಿದ್ದೆವು, ಮಾತುಕತೆ ಅರ್ಧಕ್ಕೆ ಬಂದಿದೆ. ಆ ಮನೆಯವರಿಗೆ ಹೇಳಬೇಕೇ? ನಮಗೆಲ್ಲ ರೋಗ ಹರಡುತ್ತದೆಯೇ? ಅವಳು ನರ್ಸ್ ಕೆಲಸ ಬಿಡಬೇಕೇ?

ಉತ್ತರ: ನಿಮ್ಮ ತಂಗಿಯಿಂದ ಮನೆಯವರಿಗೆ ಹೆಚ್ಚು ಅಪಾಯವಿದ್ದ ಕಾಲ ಬಹುತೇಕ ಮುಗಿದುಹೋಗಿದೆ. ಅವಳು ಸಿರಪ್ ಕುಡಿಯುತ್ತಾ, ಎಲ್ಲರ ಜೊತೆ ಕೂತು ಟಿವಿ ನೋಡುತ್ತಾ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು, ವಾರ್ಡಿನಲ್ಲಿ ಡ್ಯೂಟಿ ಮಾಡುತ್ತಾ ಇದ್ದ ಆ ಎರಡು ತಿಂಗಳೇ ಆ ಕಾಲ. ಆಗ ಯಾರೂ ತಟ್ಟೆ ಬೇರೆ ಇಡಲಿಲ್ಲ, ಇನ್‌ಚಾರ್ಜ್ ಸಿಸ್ಟರ್ ಕೂಡ ಮನೆಗೆ ಹೋಗು ಎನ್ನಲಿಲ್ಲ. ಕಾಯಿಲೆಗೆ ಹೆಸರು ಸಿಕ್ಕ ದಿನ ಹೆದರಿಕೆ ಶುರುವಾಯಿತು, ಔಷಧಿ ಶುರುವಾದದ್ದೂ ಹೆಚ್ಚುಕಡಿಮೆ ಅದೇ ದಿನ. ಸರಿಯಾದ ಔಷಧಿ ಹೊಟ್ಟೆಗೆ ಬಿದ್ದ ಕೆಲವೇ ದಿನಗಳಲ್ಲಿ ಕೆಮ್ಮಿನೊಂದಿಗೆ ಹೊರಬರುವ ಜೀವಂತ ರೋಗಾಣುಗಳ ಸಂಖ್ಯೆ ಭಾರಿ ಪ್ರಮಾಣದಲ್ಲಿ ಇಳಿಯುತ್ತದೆ. ಎರಡು ಮೂರು ವಾರ ಮಾತ್ರೆ ತಪ್ಪಿಸದೆ ನುಂಗಿ, ಕೆಮ್ಮು ಇಳಿಮುಖವಾಗಿದ್ದರೆ, ಅಂಥವರಿಂದ ಸೋಂಕು ಹರಡುವ ಸಾಧ್ಯತೆ ತೀರಾ ಕಡಿಮೆ. ಆದರೆ ಆ ಮಾತ್ರೆಗಳಿಗೆ ಮಣಿಯುವ ರೋಗಾಣು ಅದಾಗಿರಬೇಕು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ತಟ್ಟೆಯ ಮಾತು. ಟಿಬಿ ಹರಡುವುದು ಗಾಳಿಯಿಂದ ಮಾತ್ರ. ರೋಗಿ ಕೆಮ್ಮಿದಾಗ ಸಿಡಿಯುವ ಹನಿಗಳು ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚಿದರೆ ಹೊಗೆ ತುಂಬಿ ನಿಲ್ಲುತ್ತದೆ, ಎದುರುಬದುರು ಕಿಟಕಿ ತೆರೆದರೆ ಚದುರಿ ಹೋಗುತ್ತದಲ್ಲ, ಇದೂ ಹಾಗೆಯೇ. ತಟ್ಟೆ, ಲೋಟ, ಬಟ್ಟೆ, ಹಾಸಿಗೆ, ಮುಟ್ಟುವುದು, ಒಟ್ಟಿಗೆ ಉಣ್ಣುವುದು, ಒಂದೇ ಬಚ್ಚಲು ಬಳಸುವುದು, ಇವುಗಳಿಂದ ಟಿಬಿ ಬರುವುದಿಲ್ಲ. ಅಮ್ಮ ಕುದಿನೀರಿನಲ್ಲಿ ಲೋಟ ತೊಳೆಯುವ ಹೊತ್ತಿನಲ್ಲಿ ಆ ಕೋಣೆಯ ಕಿಟಕಿ ತೆರೆದಿಟ್ಟರೆ ಪ್ರಯೋಜನ ಹೆಚ್ಚು.

ಆದರೂ ನಿಮ್ಮ ಅಮ್ಮನನ್ನು ನಾನು ದೂರುವುದಿಲ್ಲ. ಈ ಪದ್ಧತಿ ಎಲ್ಲಿಂದ ಬಂತು ನೋಡಿ. ರಾಬರ್ಟ್ ಕಾಖ್ ಈ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿ ಇದ್ದದ್ದು ಶುದ್ಧ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆ ಮತ್ತು ಸ್ಯಾನಟೋರಿಯಂ ಎಂಬ ಊರಾಚೆಯ ಕ್ಷಯದ ಆಸ್ಪತ್ರೆ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಹೆಸರು ಕೇಳಿದರೆ ಈಗಲೂ ಹಳಬರು ದನಿ ತಗ್ಗಿಸುತ್ತಾರೆ. ಬೇರೆ ಆಯುಧವೇ ಇಲ್ಲದ ಕಾಲದಲ್ಲಿ ಎಲ್ಲವನ್ನೂ ಬೇರೆ ಇಡುವುದು ಜನರಿಗೆ ತೋಚಿದ ದಾರಿಯಾಗಿತ್ತು. ಆಮೇಲೆ ಔಷಧಿ ಬಂತು. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂಗೆ ಕಳಿಸಿ, ಉಳಿದ ಅರ್ಧ ಜನರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಇಟ್ಟು ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅದಕ್ಕಿಂತ ಮುಖ್ಯವಾಗಿ, ಐದು ವರ್ಷ ಗಮನಿಸಿದರೂ ಅವರ ಮನೆಮಂದಿಯಲ್ಲಿ ಟಿಬಿ ಹೆಚ್ಚಾಗಲಿಲ್ಲ. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಖಾಲಿಯಾಗಲು ಈ ಫಲಿತಾಂಶವೂ ಕಾರಣ. ಸ್ಯಾನಟೋರಿಯಂ ಹೋಯಿತು, ಅದರ ತಟ್ಟೆ ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿದೆ.

ಜನರಿಗೆ ಅರಿವಿಲ್ಲ, ಅದಕ್ಕೇ ತಡವಾಗಿ ಬರುತ್ತಾರೆ ಎಂದು ನಾವು ವೈದ್ಯರು ಭಾಷಣಗಳಲ್ಲಿ ಹೇಳುತ್ತಿರುತ್ತೇವೆ. ನಿಮ್ಮ ತಂಗಿ ನರ್ಸ್, ಅವಳು ದಿನಾ ಓಡಾಡುತ್ತಿದ್ದದ್ದೇ ಆಸ್ಪತ್ರೆಯಲ್ಲಿ, ಕೆಮ್ಮನ್ನು ವೈದ್ಯರಿಗೆ ತೋರಿಸಿದ್ದಾಳೆ ಕೂಡ. ತಡವಾದದ್ದು ಯಾರಿಂದ? ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದ ಸ್ವಲ್ಪ ಕಾಲಕ್ಕೆ, ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನೇ ವಿಚಾರಿಸಿದ್ದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶ್ವಾಸಕೋಶದ ಟಿಬಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ! ಅರವತ್ತು ವರ್ಷ ದಾಟಿದರೂ ನಿಮ್ಮ ತಂಗಿಗೂ ಸಿಕ್ಕಿದ್ದು ಅದೇ ಬಾಟಲಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂಬುದು ನಮ್ಮ ದೇಶದಲ್ಲಿ ಪ್ರತಿ ವೈದ್ಯನಿಗೂ ಗೊತ್ತಿರುವ ನಿಯಮ. ಗೊತ್ತಿದ್ದೂ ಬರೆದುಕೊಡುವುದಿಲ್ಲ. ಎದುರಿಗೆ ಕೂತವರು ವಿದ್ಯಾವಂತರು, ಮೈಕೈ ತುಂಬಿಕೊಂಡವರು, ನಮ್ಮದೇ ಸಿಬ್ಬಂದಿ ಎಂದರಂತೂ ಟಿಬಿ ತಲೆಗೇ ಬರುವುದಿಲ್ಲ. ಅದು ಬಡವರ ಕಾಯಿಲೆ ಎಂಬ ಭ್ರಮೆ ಸ್ಟೆತಾಸ್ಕೋಪ್ ಹಾಕಿಕೊಂಡವರಲ್ಲೂ ಇದೆ. ಕೆಲವು ಆ್ಯಂಟಿಬಯೋಟಿಕ್‌ಗಳು, ಮುಖ್ಯವಾಗಿ ಲಿವೊಫ್ಲಾಕ್ಸಸಿನ್ ಗುಂಪಿನವು, ಟಿಬಿಯನ್ನು ಸ್ವಲ್ಪ ಕಾಲ ಅದುಮಿಡುತ್ತವೆ. ಕೆಮ್ಮು ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಏಳುತ್ತದೆ, ಆ ಹೊತ್ತಿಗೆ ಇನ್ನೊಂದು ತಿಂಗಳು ಕಳೆದಿರುತ್ತದೆ.

ಕಿಟಕಿಯಿಂದ ಪೊಟ್ಟಣ ಎಸೆಯುವವರ ಬಗ್ಗೆ ಬೇಸರವಾಗುತ್ತದೆ, ಆದರೆ ಆಶ್ಚರ್ಯವಾಗುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿಗೆ ಟಿಬಿ ಅಂಟುವ ಅಪಾಯ ಹೊರಗಿನವರಿಗಿಂತ ಹೆಚ್ಚಿರುವುದು ನಿಜ. ಆದರೆ ಅವರಿಗೆ ಅಪಾಯ ಬರುವುದು ಮಾತ್ರೆ ತೆಗೆದುಕೊಳ್ಳಲು ಬಂದವರಿಂದಲ್ಲ. ಒಪಿಡಿಯ ಸಾಲಿನಲ್ಲಿ ಕೆಮ್ಮುತ್ತಾ ನಿಂತಿರುವ, ಇನ್ನೂ ಪರೀಕ್ಷೆಯೇ ಆಗದ ಹತ್ತಾರು ಜನರಿಂದ. ಅಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಕಿಟಕಿಗೆ ಹಳೇ ಕಡತ ಒತ್ತರಿಸಿಟ್ಟಿರುತ್ತಾರೆ. ಕೆಮ್ಮುವವರಿಗೆ ಒಂದು ಮಾಸ್ಕ್ ಕೊಟ್ಟು ಹೊರಗಿನ ಬೆಂಚಿನಲ್ಲಿ ಕೂರಿಸಿ ಅವರನ್ನೇ ಮೊದಲು ನೋಡಿ ಕಳಿಸಿದರೆ, ಸಿಬ್ಬಂದಿಗೆ ಎನ್-95 ಕೊಟ್ಟರೆ, ಅರ್ಧ ಕೆಲಸ ಆಗುತ್ತದೆ. ಇದನ್ನೆಲ್ಲ ಒದಗಿಸದ ವ್ಯವಸ್ಥೆಯ ಮೇಲಿನ ಹೆದರಿಕೆ ಕೊನೆಗೆ ರೋಗಿಯ ಮೇಲೆ ಹೋಗಿ ಬೀಳುತ್ತದೆ. ನರ್ಸಮ್ಮನೇ ಮಾರು ದೂರ ನಿಂತದ್ದನ್ನು ನೋಡಿದ ಮನೆಯವರು ಗೋಡೆಗೆ ಅಂಟಿಸಿದ ಪೋಸ್ಟರನ್ನು ನಂಬುತ್ತಾರೆಯೇ? ನಿಮ್ಮ ಅಮ್ಮ ಕೂಡ ಅದನ್ನು ನೋಡಿಯೇ ಕಲಿತಿರಬಹುದು.

ಮನೆಯಲ್ಲಿ ಈಗ ನಿಜವಾಗಿ ಗಮನ ಕೊಡಬೇಕಾದದ್ದು ನಿಮ್ಮ ಮಗನಿಗೆ. ಔಷಧಿ ಶುರುವಾಗುವ ಮೊದಲಿನ ಎರಡು ತಿಂಗಳಲ್ಲಿ ಅವನು ಆ ಗಾಳಿಯನ್ನು ಉಸಿರಾಡಿದ್ದಾನೆ. ಈಗ ದೂರ ಇಟ್ಟರೆ ಅದು ಹಿಂದಕ್ಕೆ ಹೋಗುವುದಿಲ್ಲ. ಸೋಂಕು ತಗುಲಿದ ವಯಸ್ಕರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ. ಉಳಿದವರ ದೇಹ ಅದನ್ನು ಹಿಡಿದಿಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಆ ಶಕ್ತಿ ಕಡಿಮೆ, ರೋಗ ಬೇಗ ಬರುತ್ತದೆ, ಮಿದುಳಿನ ಪೊರೆಗೂ ಹೋಗಬಹುದು. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆ ಮಕ್ಕಳಲ್ಲಿ ಅಂಥ ತೀವ್ರ ರೂಪಗಳನ್ನು ಸಾಕಷ್ಟು ತಡೆಯುತ್ತದೆ, ಆದರೆ ಪೂರ್ತಿ ಕಾಪಾಡುತ್ತದೆ ಎಂದು ನಂಬಿ ಕೂರಬಾರದು. ಹಾಗಾಗಿ ಈ ವಾರವೇ ಅವನನ್ನು ತಾಲ್ಲೂಕು ಆಸ್ಪತ್ರೆಗೋ ಮಕ್ಕಳ ವೈದ್ಯರಿಗೋ ತೋರಿಸಿ. ಕೆಮ್ಮು, ಜ್ವರ, ತೂಕ ಏರದಿರುವುದು, ಆಟದಲ್ಲಿ ಮಂಕು, ಇವೇನಾದರೂ ಇದ್ದರೆ ಟಿಬಿ ಇದೆಯೇ ಎಂದು ಪೂರ್ತಿ ಪರೀಕ್ಷೆ ಆಗಬೇಕು. ಏನೂ ಇಲ್ಲದಿದ್ದರೆ ಅವನಿಗೆ ತಡೆ ಔಷಧಿ ಶುರು ಮಾಡುತ್ತಾರೆ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ. ಸಾಮಾನ್ಯವಾಗಿ ಐಸೋನಿಯಾಜಿಡ್, ದಿನಕ್ಕೊಮ್ಮೆ, ಆರು ತಿಂಗಳು. ಸರ್ಕಾರದಿಂದ ಉಚಿತ.

ತಡೆ ಔಷಧಿ ಮಕ್ಕಳಿಗೆ ಮಾತ್ರವಲ್ಲ. 2021ರಿಂದ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಶ್ವಾಸಕೋಶದ ಟಿಬಿ ಇರುವವರ ಮನೆಯ ಎಲ್ಲ ವಯಸ್ಸಿನವರಿಗೂ ಅದಕ್ಕೆ ಅವಕಾಶವಿದೆ. ದೊಡ್ಡವರಿಗೆ ಆರು ತಿಂಗಳ ಐಸೋನಿಯಾಜಿಡ್ ಇದೆ, ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ನುಂಗುವ ಎರಡು ಔಷಧಿಗಳ ಕ್ರಮವೂ ಇದೆ. ನೀವು, ನಿಮ್ಮ ಯಜಮಾನರು, ಅಮ್ಮ ಮೂವರೂ ಎದೆಯ ಎಕ್ಸ್‌ರೇ ಮಾಡಿಸಿ ವೈದ್ಯರ ಜೊತೆ ಮಾತಾಡಿ. ಎರಡು ಎಚ್ಚರಿಕೆ. ಒಳಗೆ ಟಿಬಿ ರೋಗವೇ ಇರುವವರಿಗೆ ತಡೆ ಔಷಧಿ ಮಾತ್ರ ಕೊಟ್ಟರೆ ರೋಗಾಣು ಆ ಔಷಧಿಗೆ ಪಳಗಿಬಿಡುತ್ತದೆ, ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಇನ್ನೊಂದು ಯಕೃತ್ತಿನ ಮೇಲಿನ ಹೊರೆ. ವಯಸ್ಸಾದವರಲ್ಲಿ, ಮದ್ಯ ಕುಡಿಯುವವರಲ್ಲಿ ಈ ಅಪಾಯ ಹೆಚ್ಚು, ರಕ್ತ ಪರೀಕ್ಷೆ ನೋಡಿಕೊಂಡು ನಿರ್ಧರಿಸಬೇಕು. ನಿಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಲೋಟಕ್ಕಿಂತ ಮೊದಲು ಅವರ ಸಕ್ಕರೆ ಹತೋಟಿಯಲ್ಲಿದೆಯೇ ನೋಡಿ.

ಊಟದ ವಿಷಯದಲ್ಲೂ ಹೀಗೆಯೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಿಬಿ ರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ ಬೇಳೆಯಂಥ ಪಡಿತರ ಕೊಟ್ಟರು. ಅಂಥ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದವರ ಪ್ರಮಾಣ ಸುಮಾರು 40 ಶೇಕಡಾ ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವೂ ಕಡಿಮೆ. ತಂಗಿಗೆ ಬೇಳೆ, ಕಾಳು, ಮೊಟ್ಟೆ, ಹಾಲು, ಕಡಲೆಬೀಜ ಧಾರಾಳವಾಗಿ ಕೊಡಿ, ಪಥ್ಯ ಏನೂ ಬೇಡ. 'ಟಿಬಿ ಮಾತ್ರೆ ಉಷ್ಣ, ಮೊಸರು ಮೊಟ್ಟೆ ಬಿಡಬೇಕು' ಎನ್ನುವವರ ಮಾತು ಕೇಳಬೇಡಿ. ಬಿಡಬೇಕಾದದ್ದು ಮದ್ಯ ಮತ್ತು ಬೀಡಿ ಸಿಗರೇಟು. ನಿಮ್ಮ ತಂಗಿಗೆ ಆ ಮಾತು ಅನ್ವಯಿಸಲಾರದು, ಓದುವ ಬೇರೆಯವರಿಗಾಗಿ ಬರೆದೆ.

ಸರ್ಕಾರಿ ಪಟ್ಟಿ ಬೇಡ ಎಂದು ಖಾಸಗಿಗೆ ಹೋಗುವ ಯೋಚನೆಯಿಂದ ಅವಳು ಅಂದುಕೊಂಡ ಲಾಭ ಸಿಗುವುದಿಲ್ಲ. ಟಿಬಿ ಪತ್ತೆಯಾದರೆ ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಹೆಸರು ನಿಕ್ಷಯ್ ಎಂಬ ಅದೇ ಜಾಲತಾಣಕ್ಕೆ ಹೋಗುತ್ತದೆ. ಅದು ಗ್ರಾಮ ಪಂಚಾಯಿತಿಯ ಬೋರ್ಡಿಗೆ ಹಾಕುವ ಪಟ್ಟಿಯಲ್ಲ. ಔಷಧಿಯೂ ಅದೇ: ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ ಸೇರಿದ್ದು. ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ. ಬಿಟ್ಟಿ ಔಷಧಿಯಲ್ಲಿ ಸತ್ವವಿಲ್ಲ ಎಂಬುದು ಬರಿಯ ಮಾತು. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ₹1,000 ಅವಳ ಬ್ಯಾಂಕ್ ಖಾತೆಗೆ ಬರಬೇಕು. ಇದು 2018ರಲ್ಲಿ ₹500 ಎಂದು ಶುರುವಾಗಿ 2024ರ ನವೆಂಬರ್‌ನಿಂದ ಹೆಚ್ಚಾಗಿದೆ. ಖಾಸಗಿಯಲ್ಲಿ ಚಿಕಿತ್ಸೆ ಪಡೆದರೂ ಈ ಹಣ ಸಿಗುತ್ತದೆ. ಕಿಟಕಿಯ ಅವಮಾನವೇ ಕಾರಣವಾದರೆ, ನಿಮ್ಮ ಆಶಾ ಕಾರ್ಯಕರ್ತೆಯ ಮೂಲಕವೋ ಹತ್ತಿರದ ಬೇರೆ ಆರೋಗ್ಯ ಕೇಂದ್ರದಿಂದಲೋ ಮಾತ್ರೆ ಪಡೆಯುವ ಏರ್ಪಾಡು ಕೇಳಿ. ಟಿಬಿ ವಿಭಾಗದ ಮೇಲ್ವಿಚಾರಕರಿಗೆ ನೇರವಾಗಿ ಹೇಳಿ, ಮಾಡಿಕೊಡುತ್ತಾರೆ. ಕೇಂದ್ರದ ಉಚಿತ ಸಹಾಯವಾಣಿ 1800-11-6666 ಕೂಡ ಇದೆ.

ರೋಗಾಣು ಮಾತ್ರೆಗಳಿಗೆ ಮಣಿಯುತ್ತದೆಯೇ ಎಂಬ, ಮೊದಲು ಹೇಳಿ ಬಿಟ್ಟಿದ್ದ ವಿಷಯಕ್ಕೆ ಈಗ ಬರುತ್ತೇನೆ. ಕಫವನ್ನು ಸೂಕ್ಷ್ಮದರ್ಶಕದಲ್ಲಿ ಮಾತ್ರ ನೋಡಿದರೋ ಅಥವಾ ಸಿಬಿನ್ಯಾಟ್ ಇಲ್ಲವೇ ಟ್ರೂನ್ಯಾಟ್ ಮಾಡಿದರೋ, ಆ ಚೀಟಿ ತೆಗೆದು ನೋಡಿ. ಈ ಯಂತ್ರಗಳು ಕೆಲವೇ ಗಂಟೆಗಳಲ್ಲಿ ರೋಗಾಣು ಇದೆಯೇ ಎಂಬುದರ ಜೊತೆಗೆ ಅದು ರಿಫಾಂಪಿಸಿನ್ ಔಷಧಿಗೆ ಮಣಿಯುತ್ತದೆಯೇ ಎಂಬುದನ್ನೂ ಹೇಳುತ್ತವೆ. ಆ ಫಲಿತಾಂಶ ಇಲ್ಲದಿದ್ದರೆ ಕೇಳಿ ಮಾಡಿಸಿ. ಐಸೋನಿಯಾಜಿಡ್ ಪ್ರತಿರೋಧದ ಪರೀಕ್ಷೆಯನ್ನೂ ವಿಚಾರಿಸಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ವಿಷಯದಲ್ಲಿ ನಾನಂತೂ ಇದನ್ನು ನೋಡದೆ ಮುಂದುವರಿಯುವುದಿಲ್ಲ, ಏಕೆಂದರೆ ಅವರಿಗೆ ಯಾವ ರೋಗಿಯಿಂದ, ಎಂಥ ರೋಗಾಣು ತಗುಲಿದೆ ಎಂದು ಹೇಳಲಾಗದು. ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಯನ್ನು ಟಿಬಿ ಬಂದ ಎಲ್ಲರಿಗೂ ಮಾಡುತ್ತಾರೆ, ಅದನ್ನು ಅನುಮಾನ ಎಂದುಕೊಳ್ಳಬೇಡಿ.

ಕೆಲಸ ಬಿಡಬೇಕಾಗಿಲ್ಲ. ಆರು ತಿಂಗಳು ಬರಬೇಡ ಎನ್ನುವುದಕ್ಕೆ ವೈದ್ಯಕೀಯ ಆಧಾರವಿಲ್ಲ. ಕಚೇರಿ ಕೆಲಸದವರಾಗಿದ್ದರೆ ಈಗಲೇ ಹೋಗಿ ಎನ್ನುತ್ತಿದ್ದೆ. ನರ್ಸ್ ಆದ್ದರಿಂದ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಮತ್ತೊಮ್ಮೆ ಕಫ ಪರೀಕ್ಷೆ ಮಾಡಿಸಿ ರೋಗಾಣು ಕಾಣದಿದ್ದರೆ, ವೈದ್ಯರ ಪ್ರಮಾಣಪತ್ರದೊಂದಿಗೆ ಹಿಂದಿರುಗಲಿ. ಮೊದಲ ಕೆಲವು ವಾರ ನವಜಾತ ಶಿಶುಗಳ ವಾರ್ಡು, ಐಸಿಯು ಬೇಡ. ಆದರೆ ಯಾರಿಗೂ ಹೇಳಬೇಡ ಎಂದ ಇನ್‌ಚಾರ್ಜ್ ಸಿಸ್ಟರ್ ಮಾತನ್ನು ಪಾಲಿಸುವುದು ಅಪಾಯ. ಅವಳ ಜೊತೆ ಡ್ಯೂಟಿ ಮಾಡಿದ ಸಹೋದ್ಯೋಗಿಗಳಿಗೂ ಕೆಮ್ಮು ಜ್ವರ ಇದೆಯೇ ಎಂದು ತಪಾಸಣೆ ಆಗಬೇಕಲ್ಲ, ಮುಚ್ಚಿಟ್ಟರೆ ಅದು ಹೇಗೆ ಆಗುತ್ತದೆ? ಎಚ್‌ಐವಿ ಇರುವವರನ್ನು ಕೆಲಸದಿಂದ ತೆಗೆಯದಂತೆ ತಡೆಯಲು 2017ರ ಕಾಯ್ದೆ ಇದೆ. ಟಿಬಿಗೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ ಎಂಬುದು ನಿಜವಾದ ಕೊರತೆ. ಆದರೆ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಅವಳಿಗೆ ರಜೆಯ ದಿನಗಳ ವೇತನದಲ್ಲಿ 70 ಶೇಕಡಾದಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಟಿಬಿ ಇರುವುದರಿಂದ, ಎರಡು ವರ್ಷ ಸತತ ಸೇವೆ ಇದ್ದವರಿಗೆ ಆಮೇಲೂ 80 ಶೇಕಡಾ ಸೌಲಭ್ಯವಿದೆ. ಇದನ್ನು ಕೇಳಿ ಪಡೆಯುವವರು ತೀರಾ ಕಡಿಮೆ.

ಮದುವೆಯ ವಿಷಯ ನಾನು ನಿರ್ಧರಿಸುವಂಥದ್ದಲ್ಲ, ಆದರೂ ಕೇಳಿದ್ದೀರಿ. ಟಿಬಿ ವಂಶದಿಂದ ಬರುವುದಿಲ್ಲ, ಹುಟ್ಟುವ ಮಕ್ಕಳಿಗೆ ರಕ್ತದಲ್ಲಿ ಇಳಿಯುವುದಿಲ್ಲ. ಶ್ವಾಸಕೋಶದ ಟಿಬಿ ಗುಣವಾದ ಮೇಲೆ ಬಸಿರಿಗೆ ಅಡ್ಡಿಯಿಲ್ಲ. ಗರ್ಭಕೋಶದ ನಾಳಗಳಿಗೆ ಬರುವ ಟಿಬಿಯಿಂದ ಬಂಜೆತನ ಬರಬಹುದು, ಅದು ಬೇರೆಯೇ. ನಿಮ್ಮ ಮುಂದೆ ದಾರಿ ಮೂರು. ಮುಚ್ಚಿಟ್ಟು ಮದುವೆ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ನೈತಿಕತೆಯ ಮಾತು ಹಾಗಿರಲಿ, ಹೊಸ ಮನೆಯಲ್ಲಿ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ದಿನ ಬಿಟ್ಟು ದಿನ ನುಂಗಿ, ಔಷಧಿಗೆ ಮಣಿಯದ ಟಿಬಿಯೊಂದಿಗೆ ವಾಪಸ್ಸು ಬಂದ ಹುಡುಗಿಯರನ್ನು ನನ್ನ ಒಪಿಡಿಯಲ್ಲಿ ನೋಡಿದ್ದೇನೆ. ಈ ಔಷಧಿ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಗುಟ್ಟು ಉಳಿಯುವುದೂ ಇಲ್ಲ. ಎರಡನೆಯದು ಏನೂ ಹೇಳದೆ ಮದುವೆಯನ್ನು ಮುಂದೂಡುವುದು. ಆರೋಗ್ಯದ ದೃಷ್ಟಿಯಿಂದ ತೊಂದರೆಯಿಲ್ಲ, ಆದರೆ ಊರಿನಲ್ಲಿ ಸುದ್ದಿ ಬೇರೆ ಬಾಯಿಯಿಂದ ತಲುಪುವ ಸಾಧ್ಯತೆ ಇದ್ದೇ ಇದೆ. ಮೂರನೆಯದು ಹೇಳಿ ಮುಂದೂಡುವುದು. ಹುಡುಗನನ್ನೇ ಚಿಕಿತ್ಸೆ ಕೊಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ. ಸಂಬಂಧ ಮುರಿಯಬಹುದು, ಇಲ್ಲ ಎನ್ನಲಾರೆ. ನನ್ನ ಒಲವು ಇದರ ಕಡೆಗೆ, ಆದರೆ ಯಾರಿಗೆ, ಯಾವಾಗ ಹೇಳುವುದು ಎಂಬುದನ್ನು ನಿಮ್ಮ ತಂಗಿಯೇ ನಿರ್ಧರಿಸಲಿ. ಚಿಕಿತ್ಸೆಯ ನಡುವೆ ಮದುವೆ ಆದದ್ದೇ ಆದರೆ ಒಂದು ತಿಳಿದಿರಲಿ: ರಿಫಾಂಪಿಸಿನ್ ನುಂಗುವಾಗ ಗರ್ಭನಿರೋಧಕ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆ ವಿಧಾನ ಬೇಕು.

ಎರಡನೇ ತಿಂಗಳ ಹೊತ್ತಿಗೆ ಅವಳಿಗೆ ಪೂರ್ತಿ ವಾಸಿಯಾದ ಹಾಗೆ ಅನ್ನಿಸುತ್ತದೆ. ನರ್ಸ್, ಡಾಕ್ಟರುಗಳು ಸೇರಿದಂತೆ ಬಹಳ ಜನ ಮಾತ್ರೆ ಬಿಡುವುದು ಆಗಲೇ. ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ಮೂವತ್ತು ನಿಮಿಷಕ್ಕೆ ಎರಡಾಗುತ್ತವೆ, ಟಿಬಿ ರೋಗಾಣುವಿಗೆ ಅದಕ್ಕೆ ಇಪ್ಪತ್ತು ಗಂಟೆಯಷ್ಟು ಬೇಕು. ಕೆಲವು ಸುಮ್ಮನೆ ಮಲಗಿಯೂ ಇರುತ್ತವೆ, ಔಷಧಿಗೆ ಸಿಗುವುದಿಲ್ಲ. ಅವುಗಳಿಗಾಗಿಯೇ ಉಳಿದ ನಾಲ್ಕು ತಿಂಗಳು. ಎರಡು ತಿಂಗಳಾದಾಗ ಕಫ ಪರೀಕ್ಷೆ ತಪ್ಪಿಸಬೇಡಿ, ತಿಂಗಳಿಗೊಮ್ಮೆ ತೂಕ ಬರೆದಿಡಿ. ಬೆರಳ ತುದಿ ಜುಮುಗುಟ್ಟಿದರೆ, ಕೀಲು ನೋವು ಬಂದರೆ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ಹೇಳಿ, ಪರಿಹಾರವಿದೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಬಣ್ಣಗಳು ಸರಿಯಾಗಿ ತಿಳಿಯದಿದ್ದರೆ, ಆ ದಿನದ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಔಷಧಿ ಬಿಡಬೇಕು, ಯಾವುದನ್ನು ಮತ್ತೆ ಶುರು ಮಾಡಬೇಕು ಎಂದು ಅವರು ಹೇಳುತ್ತಾರೆ.